ಹಬೆಯ ಲೆಕ್ಕ

ಧನಗೆರೆಯ ನನ್ನ ಅತ್ತಿಗೆ ಬಹಳ ವರ್ಷ ಕೊಳ್ಳೇಗಾಲಕ್ಕೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದವರು. 1956ಕ್ಕೆ ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗಲೂ ಆ ಊರು ರೇಷ್ಮೆಗೇ ಹೆಸರು. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆತ್ತಗಾದರೆ ತಾನೆ ನೂಲು ಬಿಚ್ಚಿಕೊಳ್ಳುವುದು? ಹಾಗಾಗಿ ದಿನವಿಡೀ ಬೆರಳು ನೀರಿನಲ್ಲೇ. ತುದಿಗಳು ಬೆಳ್ಳಗೆ ಊದಿ, ಬಿರಿದು, ರಾತ್ರಿ ಮುದ್ದೆ ಮುರಿಯುವಾಗ ಸಾರಿನ ಖಾರಕ್ಕೆ ಉರಿಯುತ್ತಿದ್ದವು.

"ನೀರು ಕೈಗೆ ಒಗ್ಗೋಯ್ತದೆ ಕಣವ್ವ, ಹಬೆ ಒಗ್ಗಾಕಿಲ್ಲ" ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅತ್ತಿಗೆಯ ಮಾತು ಭೌತಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 100 ಕ್ಯಾಲೊರಿ ಸಾಕು. ಆ ಕುದಿನೀರನ್ನು ಹಬೆಯಾಗಿಸಲು ಮತ್ತೆ 540 ಬೇಕು! ಅಷ್ಟು ಶಾಖ ನುಂಗಿಯೂ ಹಬೆಯ ಬಿಸಿ ಒಂದು ಡಿಗ್ರಿಯೂ ಏರಿರುವುದಿಲ್ಲ. ಚರ್ಮಕ್ಕೆ ತಾಗಿ ಮತ್ತೆ ನೀರಾಗುವಾಗ ನುಂಗಿದ್ದನ್ನೆಲ್ಲ ಅಲ್ಲೇ ಕಕ್ಕಿಬಿಡುತ್ತದೆ. ಮಂಜುಗಡ್ಡೆ ಪಾಪ, ಗ್ರಾಮಿಗೆ 80 ಕ್ಯಾಲೊರಿ ಕೊಟ್ಟರೆ ಕರಗುತ್ತದೆ.

ಕುಕ್ಕರು, ಇಡ್ಲಿ ಪಾತ್ರೆ ಇಳಿಸುವ ನಾವೂ ಈ ಲೆಕ್ಕದ ಹೊರಗಿಲ್ಲ. ಮುಚ್ಚಳದ ಆಚೆ ಅಂಚನ್ನು ಮೊದಲು ಎತ್ತಿದರೆ ಹಬೆ ಆಚೆಗೇ ಹೋಗುತ್ತದೆ. ಸುಟ್ಟರೆ ಪೇಸ್ಟು, ಇಂಕು ಬೇಡ. ಬಳೆ, ಉಂಗುರ ತೆಗೆದು 20 ನಿಮಿಷ ನಲ್ಲಿ ನೀರಿಗೆ ಹಿಡಿಯಬೇಕು.

ಅತ್ತಿಗೆಗೆ ಹಬೆ ಹೊಡೆದ ದಿನ ಯಾರೋ ಪೇಸ್ಟು ಮೆತ್ತಿ, ಸಂಜೆಯವರೆಗೂ ಕೆಲಸಕ್ಕೆ ಕೂರಿಸಿದ್ದರಂತೆ. ಮುಂಗೈಯ ಆ ಕಲೆ ಇನ್ನೂ ಇದೆ. ಬಳೆ ಸರಿಯಾಗಿ ಅದರ ಮೇಲೇ ಕೂರುತ್ತದೆ.