ಮನೆ ಕಾರಿನ ಎಂಜಿನ್, ಒಂದೇ ಸೀಟು

"ಏನೋ, ರೇಸ್ ಕಾರು ಅಂದ್ಯಲ್ಲ, ಅದರಲ್ಲೂ ಮಾರುತಿ ಎಂಜಿನ್ನೇ ಅಂತೆ!" ಅಪ್ಪ ಫೋನಿನಲ್ಲಿ ನಕ್ಕರು. ನಿಜವೇ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಾನು ಕೂತ ಫಾರ್ಮುಲಾ ಎಲ್‌ಜಿಬಿ ಕಾರಿನಲ್ಲಿ ಇದ್ದದ್ದು ಮಾರುತಿಯ 1.3 ಲೀಟರ್ ಎಂಜಿನ್. ಬೆಂಗಳೂರಿಂದ ರಾತ್ರಿ ಬಸ್ಸು ಹಿಡಿದು, ಎರಡು ತಿಂಗಳ ಉಳಿತಾಯ ಸುರಿದು ಬಂದಿದ್ದು ಇದಕ್ಕಾ ಅನ್ನಿಸಿತು.

ಟ್ರ್ಯಾಕ್ 2.1 ಕಿಲೋಮೀಟರ್ ಅಷ್ಟೇ. ಸೀಟು ಎಷ್ಟು ಕೆಳಗೆ ಅಂದ್ರೆ, ಕೈ ಚಾಚಿದರೆ ಟಾರು ಸಿಗುತ್ತೇನೋ ಅನ್ನೋ ಹಾಗೆ. ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ. ಮೂರನೇ ಸುತ್ತಿನಲ್ಲಿ ಬ್ರೇಕ್ ತಡವಾಗಿ ಒತ್ತಿದೆ. ಮುಂದಿನ ಚಕ್ರ ಲಾಕ್ ಆಗಿ, ಕಾರು ತಿರುಗದೆ ನೇರ ಮಣ್ಣಿಗೆ! ಎದೆ ಢವಢವ. ಆದರೆ ಚಕ್ರಗಳು ಕಣ್ಣೆದುರೇ ತೆರೆದಿರುತ್ತವಲ್ಲ, ತಪ್ಪೇನು ಅಂತ ಅಲ್ಲೇ ಕಂಡಿತ್ತು. ಮುಂದಿನ ಸುತ್ತಿನಲ್ಲಿ ಮೊದಲೇ ಬ್ರೇಕ್ ಒತ್ತಿ, ಮೆಲ್ಲಗೆ ಬಿಡುತ್ತಾ ಸ್ಟೀರಿಂಗ್ ತಿರುಗಿಸಿದೆ. ಕಾರಿನ ಮೂತಿ ಹೇಳಿದ ಮಾತು ಕೇಳಿ ಒಳಕ್ಕೆ ಬಂತು. ಆಹಾ!

ಗೆಳೆಯನ ಟರ್ಬೊ ಕಾರು ಇದಕ್ಕಿಂತ ಎಷ್ಟೋ ಜೋರು. ಆದರೆ ಅದರಲ್ಲಿ ನನ್ನ ತಪ್ಪನ್ನೆಲ್ಲ ಕಂಪ್ಯೂಟರೇ ಮುಚ್ಚಿಹಾಕುತ್ತೆ. ಸರಿಯಾಗಿ ಓಡಿಸಿದ್ದು ನಾನೋ ಅದೋ ಗೊತ್ತಾಗಲ್ಲ.

ಮಣ್ಣಿಗೆ ಹೋದ ಸುದ್ದಿ ಅಪ್ಪನಿಗೆ ಹೇಳಿಲ್ಲ. ಮುಂದಿನ ಸಲ ಅವರೂ ಬರ್ತಾರಂತೆ, "ನೋಡೋಕೆ ಮಾತ್ರ ಕಣೋ."