ಕಾಂಕ್ರೀಟ್ ಹಾಕುವ ಮುನ್ನಾ ದಿನ

ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಈಜುಕೊಳದ ವೈರಿಂಗ್ ಅಂತ ಬೇರೆ ಕಸುಬೇ ಇರಲಿಲ್ಲ. ಮನೆಗೆ ಪಾಯಿಂಟ್ ಎಳೆಯುವವನೇ ಕೊಳಕ್ಕೂ ಎಳೆಯುತ್ತಿದ್ದ. ಬಸವನಗುಡಿ, ಹಲಸೂರು, ಸದಾಶಿವನಗರದ ಸಾರ್ವಜನಿಕ ಕೊಳಗಳು, ಕೆಲವು ಕ್ಲಬ್ಬು, ದೊಡ್ಡ ಹೋಟೆಲು ಬಿಟ್ಟರೆ ಕೊಳಗಳಾದರೂ ಎಷ್ಟಿದ್ದವು? ನಾನಾಗ ಒಬ್ಬ ಕಂಟ್ರಾಕ್ಟರರ ಕೈಕೆಳಗೆ ಸೂಪರ್‌ವೈಸರ್. ಕೊಳದ ಸುರಕ್ಷತೆ ಎಂದರೆ ನಮಗೆ ಗೊತ್ತಿದ್ದದ್ದು ಅರ್ತ್ ಪಿಟ್ ಒಂದೇ. ಆಳವಾದ ಗುಂಡಿ, ಎರಡೂವರೆ ಮೀಟರಿನ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುವ ಕೆಲಸ ವಾಚ್‌ಮನ್ನನದು. ಇಲಾಖೆಯ ತಪಾಸಣೆ ನಡೆದರೆ ಪಿಟ್ಟಿನ ಮುಚ್ಚಳ ತೆಗೆದು ನೋಡುವುದಕ್ಕೇ ಅದು ಮುಗಿಯುತ್ತಿತ್ತು. ಏನಾದರೂ ಅನುಮಾನ ಬಂದರೆ ಮೇಸ್ತ್ರಿಯ ಮದ್ದು ಒಂದೇ: "ಇನ್ನೊಂದು ಪಿಟ್ ಹೊಡೆಸೋಣ ಬಿಡಿ ಸಾರ್."

ನೀರಿನೊಳಗಿನ ದೀಪದ ಕಥೆ ಬೇರೆ. ಆಗ ಬಳಸುತ್ತಿದ್ದದ್ದು 12 ವೋಲ್ಟಿನ, 300 ವ್ಯಾಟಿನ ಪಾರ್ 56 ದೀಪ. ಲೆಕ್ಕ ಹಾಕಿ ನೋಡಿ, ಒಂದೊಂದು ದೀಪಕ್ಕೆ 25 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಇಪ್ಪತ್ತು ಮೀಟರ್ ಆಚೆ ಪಂಪ್ ರೂಮಿನಲ್ಲಿದ್ದರೆ ದಪ್ಪ ಕೇಬಲ್ಲೇ ಬೇಕು, ಇಲ್ಲದಿದ್ದರೆ ದೀಪ ಮಂಕು. ದಪ್ಪ ಕೇಬಲ್ಲಿನ ದುಡ್ಡು ಉಳಿಸಲು ನೇರ 230 ವೋಲ್ಟನ್ನೇ ನೀರಿಗೆ ಇಳಿಸಿದ ಪುಣ್ಯಾತ್ಮರೂ ಇದ್ದರು. ಎಲ್‌ಇಡಿ ಬಂದ ಮೇಲೆ ಈ ಪೀಡೆ ಬಹುಪಾಲು ತಾನಾಗಿ ತೊಲಗಿತು. ಕೆಲವೇ ವ್ಯಾಟ್ ಸಾಕಾದಾಗ 12 ವೋಲ್ಟ್ ಯಾರಿಗೂ ಭಾರವಾಗಲಿಲ್ಲ. ನಿಯಮದ ಪುಸ್ತಕ ಮಾಡಿಸಲಾಗದ್ದನ್ನು ಅಗ್ಗದ ದೀಪ ಮಾಡಿಸಿತು.

ಅದರ ಹಿಂದೆಯೇ ಆರ್‌ಸಿಸಿಬಿ ಬಂತು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸು ಬರದೆ 30 ಮಿಲಿಆಂಪಿಯರಿನಷ್ಟು ಸೋರಿತೆಂದರೆ ಬಿದ್ದುಬಿಡುತ್ತದೆ. ಮೊದಮೊದಲು ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನೇ ಬೈಪಾಸ್ ಮಾಡಿಸಿಕೊಂಡವರನ್ನೂ ಕಂಡಿದ್ದೇನೆ. ಈಗ ಮಾಲೀಕರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಕೇಳದೇ ಉಳಿದಿರುವುದು ಬಾಂಡಿಂಗ್.

ಅದರ ಅಗತ್ಯ ನನಗೆ ಮನದಟ್ಟಾದದ್ದು ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇಯಲ್ಲಿ. ಕೊಳದಿಂದ ಹತ್ತುವವರು ಸ್ಟೀಲ್ ಏಣಿಯ ಕಂಬಿ ಹಿಡಿದರೆ ಕೈ ಜುಮ್ಮೆನ್ನುತ್ತದೆ ಎಂದು ದೂರು. ಪಂಪ್ ನಿಲ್ಲಿಸಿದೆವು, ಹೋಗಲಿಲ್ಲ. ದೀಪದ ಲೈನ್ ಬಿಚ್ಚಿದೆವು, ಹೋಗಲಿಲ್ಲ. ಕೊನೆಗೆ ಇಡೀ ಮನೆಯ ಮೇನ್ ಸ್ವಿಚ್ ಇಳಿಸಿದರೂ ಮೀಟರಿನಲ್ಲಿ ಏಣಿಗೂ ಪಕ್ಕದ ಒದ್ದೆ ನೆಲಕ್ಕೂ ನಡುವೆ ವೋಲ್ಟೇಜ್ ತೋರಿಸುತ್ತಲೇ ಇತ್ತು. ಜೊತೆಗಿದ್ದ ಹುಡುಗ ಹೆದರಿ ಮೀಟರನ್ನೇ ಅನುಮಾನಿಸಿದ.

ಮೇನ್ ಇಳಿಸಿದರೆ ಕಡಿಯುವುದು ಫೇಸ್ ಮತ್ತು ನ್ಯೂಟ್ರಲ್. ಅರ್ತ್ ವೈರನ್ನು ಯಾವ ಸ್ವಿಚ್ಚೂ ಕಡಿಯುವುದಿಲ್ಲ. ಅಲ್ಲಿ ಯಾರೋ ಹಿಂದೆ ಮೀಟರ್ ಬೋರ್ಡಿನಲ್ಲಿ ಮೇನ್ ಸ್ವಿಚ್ಚಿಗೂ ಮೊದಲೇ ನ್ಯೂಟ್ರಲ್ಲನ್ನು ಅರ್ತಿಗೆ ಕಟ್ಟಿಬಿಟ್ಟಿದ್ದರು. ಹಳ್ಳಿಯ ಲೈನು, ತುಕ್ಕು ಹಿಡಿದ ಜಾಯಿಂಟು, ಮೂರು ಫೇಸಿನ ಮೇಲೆ ಏರುಪೇರಾದ ಲೋಡು. ನ್ಯೂಟ್ರಲ್ಲಿನಲ್ಲಿ ಒಂದಿಷ್ಟು ವೋಲ್ಟೇಜ್ ಏರಿ, ಅದು ಅರ್ತ್ ವೈರಿನ ಮೂಲಕ ಏಣಿಗೆ ಬರುತ್ತಿತ್ತು. ಅರ್ತ್ ಮಾಡಿದ್ದ ಏಣಿಯೇ ಶಾಕ್ ಹೊಡೆಯುತ್ತಿತ್ತು! ಆರ್‌ಸಿಸಿಬಿ ಇತ್ತು, ಕೆಟ್ಟಿರಲಿಲ್ಲ. ಆದರೆ ಸೋರಿಕೆ ಅದರ ದಾರಿಯಲ್ಲೇ ಇರಲಿಲ್ಲ, ಬೀಳುವುದಾದರೂ ಹೇಗೆ? ಒಣಗಿದ ಕೈಗೆ ತಿಳಿಯದಷ್ಟು ವೋಲ್ಟೇಜ್ ನೆನೆದ ಬರಿಮೈಗೆ ದೊಡ್ಡದು. ಈಜುವವನಿಗೆ ಶಾಕಿನಿಂದಲೇ ಸಾಯಬೇಕೆಂದಿಲ್ಲ, ಒಂದು ಗಳಿಗೆ ಸ್ನಾಯು ಬಿಗಿದರೆ ಮುಳುಗುತ್ತಾನೆ.

ಇಂಥಲ್ಲಿ ಕೆಲಸಕ್ಕೆ ಬರುವುದು ಬಾಂಡಿಂಗ್. ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲವಲ್ಲ, ಹಾಗೆ. ಕೊಳದ ಕಾಂಕ್ರೀಟಿನ ಕಂಬಿ, ಏಣಿ, ಕೈಹಿಡಿ, ಪಂಪಿನ ಮೈ, ಸುತ್ತಲಿನ ನೆಲ, ನೀರು ಇಷ್ಟನ್ನೂ ತಾಮ್ರದಿಂದ ಒಂದಕ್ಕೊಂದು ಸೇರಿಸುವುದು. ವೋಲ್ಟೇಜ್ ಎಲ್ಲಿಂದಲೋ ಬಂದರೂ ಎಲ್ಲವೂ ಒಟ್ಟಿಗೆ ಏರುತ್ತವೆ, ಕೈಗೂ ಕಾಲಿಗೂ ನಡುವೆ ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲಿ ನಾವು ನ್ಯೂಟ್ರಲ್ ಬಿಡಿಸಿ, ಡೆಕ್ಕಿನ ಟೈಲ್ಸ್ ಒಡೆದು, ಕಂಬಿ ಸಿಗುವತನಕ ಕಾಂಕ್ರೀಟ್ ಕೊರೆದು ಕ್ಲಾಂಪ್ ಹಾಕಿದೆವು. ಕಟ್ಟುವಾಗಲೇ ಮಾಡಿದ್ದರೆ ಅರ್ಧ ದಿನದ ಕೆಲಸ.

2000ದ ನಂತರ ಚಿಕ್ಕಮಗಳೂರು, ಕೊಡಗಿನಲ್ಲಿ ರೆಸಾರ್ಟುಗಳು ಎದ್ದಂತೆ ಸಾಮಾನೂ ಬದಲಾಯಿತು. ಜಿಐ ಪೈಪಿನ ಜಾಗಕ್ಕೆ ಪಿವಿಸಿ, ಹಿತ್ತಾಳೆಯ ದೀಪದ ಗೂಡಿನ ಜಾಗಕ್ಕೆ ಪ್ಲಾಸ್ಟಿಕ್, ಕಾಂಕ್ರೀಟ್ ತೊಟ್ಟಿಯ ಬದಲು ಫೈಬರ್. ಪ್ಲಾಸ್ಟಿಕ್ ಅಂದಮೇಲೆ ಶಾಕಿನ ಭಯವಿಲ್ಲ ಅಂತ ಎಲ್ಲರೂ ನಂಬಿದರು. ಆದದ್ದು ಉಲ್ಟಾ. ನೀರಿಗೆ ಲೋಹದ ಸಂಪರ್ಕವೇ ತಪ್ಪಿ ಅದು ಒಂಟಿಯಾಯಿತು. ಅಮೆರಿಕದ ಎಲೆಕ್ಟ್ರಿಕಲ್ ಕೋಡು 2008ರಲ್ಲಿ ನೀರನ್ನೂ ಬಾಂಡ್ ಮಾಡಿ ಎಂದದ್ದು ಇದಕ್ಕೇ. ಕನಿಷ್ಠ 9 ಚದರ ಇಂಚು ಲೋಹ ನೀರಿಗೆ ತಾಗಿರಬೇಕು, ಕೊಳದ ಸುತ್ತ 3 ಅಡಿ ನೆಲವೂ ಬಾಂಡಿಂಗಿಗೆ ಸೇರಬೇಕು.

ಅಮೆರಿಕದ ಪುಸ್ತಕ ನಮಗೇಕೆ ಎಂದರೆ, ಜಕೂಜಿಯ ಜೊತೆ ಬರುವ ಮ್ಯಾನ್ಯುಯಲ್ ಎಷ್ಟೋ ಸಲ ಅಲ್ಲಿಯದೇ. ಟಬ್ಬಿನ ಕಂಟ್ರೋಲ್ ಬಾಕ್ಸಿನ ಮೇಲೆ ತಾಮ್ರದ ಲಗ್ ಇರುತ್ತದೆ, ಅದಕ್ಕೆ 8 ನಂಬರ್ ಗೇಜಿನ ತಾಮ್ರ ಕಟ್ಟಿ ಎನ್ನುತ್ತದೆ ಮ್ಯಾನ್ಯುಯಲ್. ನಮ್ಮ ಅಳತೆಯಲ್ಲಿ ಅದು ಎಂಟು ಚದರ ಮಿಲಿಮೀಟರಿಗಿಂತ ಚೂರು ಹೆಚ್ಚು, ಹಾಗಾಗಿ ನಾವು 10 ಹಾಕುತ್ತೇವೆ. ಎಷ್ಟೋ ಕಡೆ ಆ ಲಗ್ಗಿನ ಸ್ಕ್ರೂ ಒಮ್ಮೆಯೂ ತಿರುಗಿರುವುದಿಲ್ಲ. ಮಾನ್ಯತೆ ಪಡೆದ ರೆಡಿಮೇಡ್ ಟಬ್ಬನ್ನು ನೆಲದ ಮೇಲೆ ಇಟ್ಟು, ಅಂಚು ಸುತ್ತಲಿನ ನೆಲಕ್ಕಿಂತ 28 ಇಂಚು ಎತ್ತರವಿದ್ದರೆ ಸುತ್ತಲಿನ ನೆಲದ ಬಾಂಡಿಂಗಿಗೆ ಅಲ್ಲಿ ವಿನಾಯಿತಿ ಉಂಟು. ನಮ್ಮವರು ಮಾಡುವುದೇನು? ಕಾಫಿ ತೋಟದ ನೋಟ ಫೋಟೋದಲ್ಲಿ ಚೆನ್ನಾಗಿ ಬರಲೆಂದು ಹೊಂಡ ತೋಡಿ ಟಬ್ಬನ್ನು ನೆಲಮಟ್ಟಕ್ಕೆ ಇಳಿಸುತ್ತಾರೆ. ವಿನಾಯಿತಿ ಅಲ್ಲಿಗೆ ಮುಗಿಯಿತು.

ಇಂದಿನ ಹುಡುಗರಿಗೆ ನಮಗಿಂತ ಹೆಚ್ಚು ಗೊತ್ತು. ಐಇಸಿ 60364ರ 702ನೇ ಭಾಗದ ಪ್ರಕಾರ ಕೊಳದ ಅಂಚಿನಿಂದ 2 ಮೀಟರ್ ಒಂದನೇ ವಲಯ, ಅದರಾಚೆಗೆ ಒಂದೂವರೆ ಮೀಟರ್ ಎರಡನೆಯದು ಅಂತ ಬಾಯಲ್ಲೇ ಹೇಳುತ್ತಾರೆ. ಆದರೆ ಸೈಟಿಗೆ ಅವರನ್ನು ಕರೆಸುವುದೇ ಟೈಲ್ಸ್ ಕೂತ ಮೇಲೆ. ಕಂಬಿ ಕಟ್ಟುವವನು, ಸೆಂಟ್ರಿಂಗಿನವನು, ಎಲೆಕ್ಟ್ರಿಷಿಯನ್ ಮೂವರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

ಕೊಳ ಕಟ್ಟಿಸುವವರಿಗೆ ಹೇಳುವುದಿಷ್ಟು. ಕಾಂಕ್ರೀಟ್ ಹಾಕುವ ಮುನ್ನಾ ದಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಸೈಟಿನಲ್ಲಿರಲಿ. ಸಾಮಾನ್ಯ ಬೈಂಡಿಂಗ್ ವೈರಿನಲ್ಲಿ ಬಿಗಿದ ಕಂಬಿಯಾದರೆ ಅದಕ್ಕೇ ತಾಮ್ರ ಜೋಡಿಸಿ ತುದಿ ಹೊರಗೆ ಬಿಡಬಹುದು. ಕರಾವಳಿಯವರು ತುಕ್ಕಿಗೆ ಹೆದರಿ ಎಪಾಕ್ಸಿ ಬಳಿದ ಕಂಬಿ ಹಾಕಿದ್ದರೆ ಅದು ಲೆಕ್ಕಕ್ಕಿಲ್ಲ, ತಾಮ್ರದ ಜಾಲರಿಯನ್ನೇ ಬೇರೆ ಹಾಸಬೇಕು. ಜೋಡಿಸಿದ ಜಾಗಗಳ ಫೋಟೋ ತೆಗೆಸಿ, ಮೀಟರಿನಲ್ಲಿ ತೋರಿಸಿಕೊಂಡು ಬರೆಸಿಟ್ಟುಕೊಳ್ಳಿ. ಅದಾಗುವವರೆಗೆ ಮಿಕ್ಸರ್ ಲಾರಿಯನ್ನು ಗೇಟಿನ ಹೊರಗೇ ನಿಲ್ಲಿಸಿ.