ಗಣಕದ ಹೊಸ ಲೆಕ್ಕಿಗ

ಮನೆ ಬದಲಿಸುವುದು ಸುಲಭ, ಅಡಿಗೆಮನೆಯ ಪದ್ಧತಿ ಬದಲಿಸುವುದು ಕಷ್ಟವೆಂಬುದನ್ನು ಗೃಹಿಣಿಯರು ಬಲ್ಲರು. ಗಣಕಯಂತ್ರ ತಯಾರಿಸುವವರು ಅದರ ಪ್ರೊಸೆಸರಿನ ಜಾತಿಯನ್ನೇ ಬದಲಿಸಹೊರಡುವುದು ಈ ಎರಡನೆಯ ಬಗೆಯ ಸಾಹಸ.

ಪ್ರೊಸೆಸರ್ ಎಂದರೆ ಗಣಕದ ಒಳಗೆ ಕುಳಿತ ಲೆಕ್ಕಿಗ. ಅವನಿಗೆ ತಿಳಿಯುವ ಆಜ್ಞೆಗಳ ಕಟ್ಟೇ ಅವನ ಭಾಷೆ. ಇಂಟೆಲ್ ವಂಶದವನ ಭಾಷೆ ಒಂದು, ಆರ್ಮ್ ವಂಶದವನದು ಇನ್ನೊಂದು. ಒಬ್ಬನಿಗಾಗಿ ಸಿದ್ಧಪಡಿಸಿದ ತಂತ್ರಾಂಶ ಮತ್ತೊಬ್ಬನಿಗೆ ಅರ್ಥವಾಗದು.

ಹಾಗಿದ್ದರೂ ಬದಲಿಸುವವರುಂಟು. ಆಪಲ್ ಕಂಪನಿ 1994ರಲ್ಲಿ ಮೊಟೊರೊಲಾ ವಂಶವನ್ನು ಬಿಟ್ಟು ಪವರ್‌ಪಿಸಿಗೆ, 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ಆರ್ಮ್ ವಂಶದ ತನ್ನದೇ ಎಂ1ಕ್ಕೆ ಹೋಯಿತು. ಹೊಸಬನು ಕಡಮೆ ವಿದ್ಯುತ್ತು ಉಂಡು ಹೆಚ್ಚು ದುಡಿಯುವವನು. ಎಂ1 ಹೊತ್ತ ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇರಲಿಲ್ಲ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಬಾಳುವವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನ ವಿಜ್ಞಾನಿಗಳು 2001ರಲ್ಲಿ ತೋರಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕವೂ ಆರ್ಮ್ ವಂಶದ ಪ್ರೊಸೆಸರನ್ನೇ ನೆಚ್ಚಿತ್ತು. ಅದು ಹೊಸ ಯಂತ್ರ. ಹಳೆಯ ಹೊರೆ ಅದರ ಬೆನ್ನ ಮೇಲಿರಲಿಲ್ಲ.

ನನ್ನ ಬೆನ್ನ ಮೇಲೆ ಇದೆ. ಸಿರುಗುಪ್ಪ, ಕುರುಗೋಡು ಸೀಮೆಯ ಹೆಂಗಸರು ಹೇಳಿದ ಬೀಸುವ ಪದಗಳನ್ನು ಹಲವು ವರ್ಷ ತಿರುಗಿ ಸಂಗ್ರಹಿಸಿ, ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದೇನೆ. ಹಾಡಿದವರಲ್ಲಿ ಕೆಲವರು ಇಂದಿಲ್ಲ. ಪ್ರೊಸೆಸರ್ ಬದಲಾದ ಮಾತ್ರಕ್ಕೆ ಆ ಕಡತಗಳು ಕೆಡುವುದಿಲ್ಲ, ನಿಜ. ಆದರೆ ಅವನ್ನು ತೆರೆಯುವ ತಂತ್ರಾಂಶವೇ ಓಡದಿದ್ದರೆ, ಬೀಗದ ಕೈ ಕಳೆದ ಪೆಟ್ಟಿಗೆಯಂತೆ ಅವು ಮನೆಯಲ್ಲಿದ್ದೂ ಇಲ್ಲದಂತೆ.

ಇದಕ್ಕೆ ಪರಿಹಾರ ದುಭಾಷಿ. ಹಳೆಯ ಆಜ್ಞೆಗಳನ್ನು ಹೊಸ ಲೆಕ್ಕಿಗನಿಗೆ ಅನುವಾದಿಸಿ ಹೇಳುವ ತಂತ್ರಾಂಶವನ್ನು ಆಪಲ್ 2006ರಲ್ಲಿ ‘ರೊಸೆಟ್ಟಾ’ ಎಂಬ ಹೆಸರಿನಿಂದ ಒದಗಿಸಿತ್ತು. 2011ರ ಹೊಸ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ದುಭಾಷಿ ಎದ್ದುಹೋದೊಡನೆ, ಅವನನ್ನೇ ನಂಬಿದ್ದ ತಂತ್ರಾಂಶಗಳು ಅಲ್ಲಿ ಮೂಕವಾದವು.

ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿರುಗುಪ್ಪದ ಹೊಲಗಳು ಜೋಳ ಬಿಟ್ಟು ಭತ್ತಕ್ಕೆ ತಿರುಗಿದವು. ತಿರುಗಿದ್ದು ತಪ್ಪೆಂದು ಯಾರೂ ಹೇಳರು. ಆದರೂ ಕುರುಗೋಡಿನ ನಮ್ಮ ಸೋದರತ್ತೆ ರೊಟ್ಟಿಯ ಹಂಚನ್ನು ಅಟ್ಟಕ್ಕೇರಿಸಲಿಲ್ಲ. ಕೇಳಿದರೆ, “ಅನ್ನ ಬಂತಂತ ಹಂಚು ಒಗೀಬೇಕೇನಪ್ಪಾ?” ಎನ್ನುತ್ತಿದ್ದರು.

ಗಣಕದ ತಯಾರಕರಿಗೂ ನಾನು ಹೇಳುವುದು ಅಷ್ಟೆ. ಹೊಸ ಪ್ರೊಸೆಸರ್ ಮೇಲಾದುದಾದರೆ ಧಾರಾಳವಾಗಿ ಬದಲಿಸಿರಿ. ಆದರೆ ಹಳೆಯ ಗಿರಾಕಿಯ ಕೆಲಸ ಮುಗಿಯುವವರೆಗೆ ದುಭಾಷಿಯನ್ನು ಬಾಗಿಲಲ್ಲಿ ನಿಲ್ಲಿಸಿರಿ. ನಮ್ಮ ಪಾಲಿನ ಕೆಲಸವೂ ಒಂದುಂಟು. 1991ರಲ್ಲಿ ಹೊರಬಂದ ಮೊದಲ ಆವೃತ್ತಿಯಿಂದಲೂ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಅದು ಯಾವೊಂದು ಪ್ರೊಸೆಸರಿನ ಸೊತ್ತೂ ಅಲ್ಲ. ದಿನಕ್ಕೆ ಹತ್ತು ಪುಟದಂತೆ ನಾನು ಬೀಸುವ ಪದಗಳನ್ನು ಅದಕ್ಕೆ ಸಾಗಿಸುತ್ತಿದ್ದೇನೆ. ಲೆಕ್ಕಿಗ ಯಾರೇ ಬರಲಿ, ಆ ತಾಯಂದಿರ ದನಿ ನಿಲ್ಲಬಾರದು.